ಭಾವ ಹೋದ್ರು

ಹಲ್ಲಕ್ಕನ ಅಂಗಡಿಗೆ ಒಂದು ಸಲ ಯಾರೋ ದಾರಿಹೋಕ ದವಡೆ ಹಿಡಿದುಕೊಂಡು ಬಂದುಬಿಟ್ಟಿದ್ದ. ತಪ್ಪು ಅವನದಲ್ಲ. ಬಾಗಿಲ ಮೇಲಿನ ಬೋರ್ಡಿನಲ್ಲಿ ‘ಇಲ್ಲಿ ಎಲ್ಲಾ ತರಹದ ಹಲ್ಲು ಸರಿಮಾಡಿ ಕೊಡಲಾಗುವುದು’ ಎಂದು ದಪ್ಪ ಅಕ್ಷರದಲ್ಲಿತ್ತು. ಪಕ್ಕದಲ್ಲಿ ಬರೆಸಿದ್ದ ಗರಗಸದ ಚಿತ್ರ ಬಿಸಿಲಿಗೆ ಮಾಸಿ ಮೀನಿನ ಮುಳ್ಳಿನ ಹಾಗೆ ಕಾಣುತ್ತಿತ್ತು. ಬೇರೆಯವರಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಕ್ಕು ಕಳಿಸುತ್ತಿದ್ದರು. ಇವಳು ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಬಾಯಿ ತೆಗೆಸಿ, ಟಾರ್ಚು ಬಿಟ್ಟು ನೋಡಿ, “ಇದು ನನ್ನ ಅರಕ್ಕೆ ಬಗ್ಗೋ ಹಲ್ಲಲ್ಲಪ್ಪ, ಆಸ್ಪತ್ರೆ ದಾರಿ ಹಿಡಿ” ಎಂದು ಒಂದು ಲವಂಗ ಕೊಟ್ಟು ಕಳಿಸಿದಳು. ನಕ್ಕಿದ್ದು ಅವನು ಬೀದಿ ತಿರುಗಿದ ಮೇಲೆ. ಅದೂ ಎಂಥ ನಗು! ಪಕ್ಕದ ಟೀ ಅಂಗಡಿಯವನು ಒಲೆ ಬಿಟ್ಟು ಎದ್ದು ಬಂದು ಏನಾಯಿತೆಂದು ವಿಚಾರಿಸಿದ.

ಮರ ಕೊಯ್ಯುವ ಮಿಲ್ಲಿನ ಎದುರಿನ ಬೀದಿ ಅದು. ಅಂಗಡಿ ಎಂದರೆ ಒಂದೇ ಕೋಣೆ. ಕಿಟಕಿಗೆ ಅಂಟಿಕೊಂಡ ಉದ್ದ ಬೆಂಚು, ಅದರ ಮೇಲೆ ಗರಗಸದ ಅಲಗನ್ನು ಅಲುಗದಂತೆ ಕಚ್ಚಿ ಹಿಡಿಯುವ ವೈಸು, ಗೋಡೆಯ ಮೊಳೆಗಳಿಗೆ ನೇತುಹಾಕಿದ, ಗರಗಸದ ಹಲ್ಲು ಮಸೆಯುವ ಸಣ್ಣ ದೊಡ್ಡ ಅರಗಳು, ಎಷ್ಟು ಗುಡಿಸಿದರೂ ಮುಗಿಯದ ಕಬ್ಬಿಣದ ಪುಡಿ. ಹಿಂದಿನ ಬಾಗಿಲು ತೆಗೆದರೆ ಮನೆ. ಅವಳ ಬೆರಳ ತುದಿಗಳು ಕಪ್ಪಗಾಗಿ, ಎಷ್ಟು ಸೋಪು ಹಾಕಿದರೂ ಬಿಡದೆ ಹಾಗೇ ಉಳಿದಿದ್ದವು. ಅದರ ಬಗ್ಗೆ ಅವಳಿಗೆ ನಾಚಿಕೆಯಿಲ್ಲ. ನಮ್ಮಂಥವರು ಕೈಕುಲುಕಲು ಹಿಂಜರಿದರೆ ಅವಳೇ ಬೇಕೆಂದು ಗಟ್ಟಿಯಾಗಿ ಹಿಡಿದು ಅಲ್ಲಾಡಿಸುತ್ತಿದ್ದಳು.

ಅವಳ ಮನೆಯಲ್ಲಿ ನಡೆದ ಸಂಗತಿಯನ್ನು ಪೇಟೆಯಲ್ಲಿ ಬಾಯಿಗೊಂದರಂತೆ ಹೇಳುತ್ತಾರೆ. ಎಲ್ಲರ ಕಥೆಯಲ್ಲೂ ದಟ್ಟ ಕಾಡಿದೆ, ಉಕ್ಕಿದ ಹೊಳೆಯಿದೆ, ಮುರಿದ ಕಾಲಿದೆ, ಕೊನೆಗೊಂದು ಭಯಂಕರ ಸೇಡಿದೆ. ಹಲ್ಲಕ್ಕ ಮಾತ್ರ ಎಲ್ಲೂ ಇಲ್ಲ. ಇದ್ದರೂ ಒಂದು ಮೂಲೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿರುತ್ತಾಳೆ. ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಇದ್ದದ್ದನ್ನು ಇದ್ದ ಹಾಗೆ ಒಬ್ಬರಾದರೂ ಹೇಳಬೇಕಲ್ಲ, ಕೇಳಿ.

ಮೊದಲು ಆ ಅಂಗಡಿ ಅವಳ ಗಂಡನದು. ಅವನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಕೆಲಸಗಾರ ಹೌದು, ಮಾತುಗಾರ ಅದಕ್ಕಿಂತ ಹೆಚ್ಚು, ಮುಂಗೋಪಿ ಎರಡಕ್ಕಿಂತ ಹೆಚ್ಚು. ಮನೆಯಲ್ಲಿ ಮೂರನೆಯವನೊಬ್ಬನಿದ್ದ, ಅವಳ ತಮ್ಮ. ತಾಯಿಯಿಲ್ಲದ ಕೂಸನ್ನು ಇವಳೇ ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು; ಮದುವೆಯಾಗಿ ಬರುವಾಗ ಜೊತೆಗೇ ಕರೆದುಕೊಂಡು ಬಂದಳು. ಈಗ ಮೀಸೆ ಬಂದ ಗಂಡಸು, ಭಾವನ ಬಲಗೈ. ಭಾವ ಬೈಯುವುದು, ಇವನು ಮುಖ ಊದಿಸಿಕೊಳ್ಳುವುದು, ಊಟದ ಹೊತ್ತಿಗೆ ಇಬ್ಬರೂ ಒಂದಾಗಿ ಇವಳ ಅಡುಗೆಯನ್ನು ಆಡಿಕೊಳ್ಳುವುದು, ಇದು ಆ ಮನೆಯ ದಿನಚರಿ.

ಹೊಳೆಯಾಚೆ, ಕಾಡಿನ ಒಳಗೆ, ಮಿಲ್ಲಿಗೆ ಮರ ಕಡಿಯುವ ಬಿಡಾರವೊಂದಿತ್ತು. ಮಳೆಗಾಲ ಶುರುವಾದರೆ ಆ ಕಡೆ ನರಪಿಳ್ಳೆಯೂ ಹೋಗುವುದಿಲ್ಲ. ಅದಕ್ಕೆ ಮುಂಚೆ ಅಲ್ಲಿನ ಗರಗಸಗಳನ್ನೆಲ್ಲ ಕೆಳಗೆ ತರಬೇಕು, ಇಲ್ಲದಿದ್ದರೆ ತುಕ್ಕು ಹಿಡಿಯುತ್ತವೆ. ಆ ವರ್ಷ ಆಳುಗಳೆಲ್ಲ ಇಳಿದುಬಂದ ಮೇಲೆ ಮೇಸ್ತ್ರಿ ಮತ್ತು ತಮ್ಮ ಮಿಲ್ಲಿನ ಲಾರಿ ತೆಗೆದುಕೊಂಡು ಹೊರಟರು. ಆಮೇಲೆ ಒಂದು ಸಂಜೆ ಜೋರು ಮಳೆ, ಅಂಗಡಿಯ ಫೋನು ಹೊಡೆದುಕೊಂಡಿತು. ತಮ್ಮನ ದನಿ. ದಾರಿಯ ಯಾವುದೋ ಪಂಕ್ಚರ್ ಅಂಗಡಿಯಿಂದ ಮಾತಾಡುತ್ತಿದ್ದ. ಮೂಗು ಕಟ್ಟಿಕೊಂಡಿತ್ತು.

“ಅಕ್ಕಾ, ಭಾವ ಹೋದ್ರು ಅಕ್ಕಾ. ನಾನು ಎಷ್ಟು ಕೂಗಿದ್ರೂ... ನನ್ನ ಕೈಲಿ ಏನೂ ಮಾಡೋಕಾಗ್ಲಿಲ್ಲ. ನಾನು ಲಾರೀಲಿ...”

ಅಷ್ಟಕ್ಕೆ ಫೋನು ಸತ್ತಿತು. ಹಲ್ಲಕ್ಕ ಕಿಟಾರನೆ ಕೂಗಿಕೊಂಡಳು. ಕೂಗು ಕೇಳಿ ಮೊದಲು ಓಡಿಬಂದವನು ಟೀ ಅಂಗಡಿಯವನು. “ನಮ್ಮೆಜಮಾನ್ರು ಹೋದ್ರಂತಪ್ಪ” ಎಂದಳು. ಅವನು ಬೀದಿಗೆ ಹೇಳಿದ, ಬೀದಿ ಮಿಲ್ಲಿಗೆ ಹೇಳಿತು. ಅದೇ ರಾತ್ರಿಯ ಮಳೆಗೆ ಹೊಳೆಯ ಸೇತುವೆ ಕೊಚ್ಚಿಹೋದ ಸುದ್ದಿಯೂ ಬಂತು. ಇನ್ನೇನು, ಹೇಗೆ ಸತ್ತ ಎಂಬುದನ್ನು ಜನರೇ ತುಂಬಿಕೊಂಡರು: ಸೇತುವೆ ಮೇಲಿದ್ದನಂತೆ, ಅದರ ಸಮೇತ ಹೋದನಂತೆ, ಹೆಣವೂ ಸಿಗಲಿಲ್ಲವಂತೆ.

ದಾರಿಯಲ್ಲಿ ಗುಡ್ಡ ಜರಿದು, ಲಾರಿ ಸುತ್ತು ಹಾಕಿ, ತಮ್ಮ ಮನೆ ಮುಟ್ಟುವಾಗ ಮತ್ತೆರಡು ದಿನವಾಗಿತ್ತು. ಅಂಗಳದ ತುಂಬ ಜನ. ಗೇಟಿನಲ್ಲೇ ಯಾರೋ ತಬ್ಬಿಕೊಂಡು, “ಭಾವ ಹೋದ್ರಲ್ಲಪ್ಪ, ನಿನ್ನಕ್ಕನಿಗೆ ಇನ್ನು ನೀನೇ ದಿಕ್ಕು” ಎಂದರು. ಅವನು ನಿಂತಲ್ಲೇ ತಲೆ ಚಚ್ಚಿಕೊಂಡ. “ನಾನು ಬಿಟ್ಟು ಬರಬಾರದಿತ್ತು, ಬಿಟ್ಟು ಬರಬಾರದಿತ್ತು” ಎಂದು ಗೋಳಾಡಿದ. ನೋಡಿದವರೆಲ್ಲ ಕಣ್ಣಲ್ಲಿ ನೀರು ತಂದುಕೊಂಡರು. ಅಕ್ಕ ಏನೂ ಕೇಳಲಿಲ್ಲ. ಕಣ್ಣಾರೆ ಕಂಡವನ ಗಾಯ ಕೆದಕುವುದು ಹೇಗೆ? ತಮ್ಮನೂ ಏನೂ ಕೇಳಲಿಲ್ಲ. ಅವಳ ಮುಖ ನೋಡಿ ಕೇಳುವುದು ಹೇಗೆ? ಮಿಲ್ಲಿನ ಯಜಮಾನರು ಬಂದು ಕೈಮುಗಿದರು. ಹೊಳೆಯಾಚೆ ಹೋಗಿ ಹುಡುಕಬೇಕೆಂದು ಯಾರ ತಲೆಗೂ ಹೊಳೆಯಲಿಲ್ಲ.

ಇಲ್ಲಿಂದ ಮುಂದೆ ಪೇಟೆಯವರು ನೇರ ಕಾಡಿಗೆ ಹಾರುತ್ತಾರೆ. ನಾನು ಹಾರುವುದಿಲ್ಲ. ಕಾಡಿನಲ್ಲಿ ಬದುಕುಳಿಯುವುದು ದೊಡ್ಡ ವಿಷಯವೇ, ಒಪ್ಪಿದೆ. ಆದರೆ ದಿನಾ ಅದೇ ಬೀದಿ, ಅದೇ ಅಂಗಡಿ, ಎಲ್ಲರೂ ಕರುಣೆಯಿಂದ ನೋಡಿ ದನಿ ಸಣ್ಣ ಮಾಡುವ ಪೇಟೆಯಲ್ಲಿ ಬೆಳಗಾಗೆದ್ದು ಬಾಗಿಲು ತೆಗೆಯುವುದಿದೆಯಲ್ಲ, ಅದನ್ನೂ ಒಂದು ಸಲ ಮಾಡಿ ನೋಡಿ.

ಹಲ್ಲಕ್ಕ ಬಾಗಿಲು ತೆಗೆದಳು. ಗಂಡ ಕೆಲಸ ಮಾಡುವಾಗ ಪಕ್ಕದಲ್ಲಿ ತರಕಾರಿ ಹೆಚ್ಚುತ್ತಾ ಕೂತಿರುತ್ತಿದ್ದಳು, ನೋಡಿ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಮೊದಲ ಗರಗಸವನ್ನು ಕನ್ನಡಿಯ ಹಾಗೆ ಮಾಡಿ ಕೊಟ್ಟಳು. ಮಾರನೇ ದಿನ ಬಡಗಿ ವಾಪಸು ತಂದು ಬೆಂಚಿನ ಮೇಲಿಟ್ಟ.

“ಅಕ್ಕಾ, ಹರಿತ ಏನೋ ಆಗಿದೆ. ಆದ್ರೆ ಇದು ನೇರ ನಡೆಯಲ್ಲ, ಎಡಕ್ಕೇ ಎಳೀತದೆ. ಹಲಗೆ ಕೊಯ್ದರೆ ಬಾಳೆಹಣ್ಣಾಗಿ ಬರ್ತದೆ.”

ಗರಗಸದ ಹಲ್ಲನ್ನು ಒಂದು ಎಡಕ್ಕೆ, ಒಂದು ಬಲಕ್ಕೆ, ಕೂದಲೆಳೆಯಷ್ಟು ಬಗ್ಗಿಸಬೇಕು. ಇವಳು ಎಲ್ಲವನ್ನೂ ಒಂದೇ ಕಡೆಗೆ ಬಗ್ಗಿಸಿದ್ದಳು. ಅಳು ನುಂಗಿಕೊಂಡು ಮತ್ತೆ ವೈಸಿಗೆ ಏರಿಸಿದಳು. ತಮ್ಮ ಎದುರು ಕೂತು ಅಲಗು ಹಿಡಿದ, ಇವಳು ಅರ ಆಡಿಸಿದಳು. ಬೆರಳು ಕುಯ್ದುಕೊಂಡಳು, ಬಟ್ಟೆ ಸುತ್ತಿಕೊಂಡಳು, ಮತ್ತೆ ಕೂತಳು. ಮಳೆ ನಿಲ್ಲುವ ಹೊತ್ತಿಗೆ ಮಿಲ್ಲಿನ ದೊಡ್ಡ ಅಲಗುಗಳೇ ಅವಳ ಬೆಂಚಿಗೆ ಬರತೊಡಗಿದವು. ಹಲ್ಲಕ್ಕ ಎಂಬ ಹೆಸರು ಬಿದ್ದದ್ದು ಆಗಲೇ. ಮೊದಲು ಯಾರೋ ಚೇಷ್ಟೆಗೆ ಕರೆದರು, ಅವಳು “ಏನಪ್ಪಾ?” ಎಂದು ಓಗೊಟ್ಟಳು, ಅಲ್ಲಿಗೆ ಚೇಷ್ಟೆ ಮುಗಿಯಿತು.

ಅಷ್ಟರಲ್ಲಿ ಒಂದು ಮಧ್ಯಾಹ್ನ, ಹೊಳೆ ಇಳಿದ ಮೇಲೆ ಕಾಡಿನಿಂದ ಬಂದ ಮೊದಲ ಮರದ ಲಾರಿಯಿಂದ ಮೇಸ್ತ್ರಿ ಇಳಿದ.

ಎದೆಮಟ್ಟ ಗಡ್ಡ, ಕೈಯಲ್ಲಿ ಊರುಗೋಲು, ಒಂದು ಕಾಲು ಸೊಟ್ಟ. ಟೀ ಅಂಗಡಿಯವನ ಕೈಯಿಂದ ಲೋಟ ಬಿತ್ತು. ಮೇಸ್ತ್ರಿ ಮನೆಗೂ ಹೋಗದೆ ಟೀ ಅಂಗಡಿಯ ಬೆಂಚಿನ ಮೇಲೆ ಕೂತು, ಟೀ ಕುಡಿದು, ನಾಲಿಗೆ ಹರಿಯಬಿಟ್ಟ. ಮನುಷ್ಯರ ಕಿವಿ ಸಿಕ್ಕದ್ದೇ ಎಷ್ಟೋ ತಿಂಗಳ ಮೇಲೆ, ಹೇಗೆ ತಡೆದುಕೊಂಡಾನು! ಬಿಡಾರದಾಚೆ ಮೇಲಿನ ಶೆಡ್ಡಿನ ಹತ್ತಿರ ಜಾರಿ ಕಾಲು ಮುರಿದದ್ದು, ತೆವಳಿಕೊಂಡು ಹೊಳೆಗೆ ಬಂದರೆ ಸೇತುವೆಯಿಲ್ಲ, ಭಾವಮೈದುನನೂ ಇಲ್ಲ. ಗರಗಸದ ಹಿಡಿಗಳೆರಡನ್ನು ಕಾಲಿಗೆ ಕಟ್ಟಿಕೊಂಡು ತಾನೇ ಮೂಳೆ ಕೂರಿಸಿಕೊಂಡದ್ದು. ಬಿಡಾರದಲ್ಲಿ ಉಳಿದ ಹಿಟ್ಟಿನ ಮೂಟೆ, ಗೆಡ್ಡೆ, ಮೀನು. ಒದ್ದೆ ಸೌದೆಯಲ್ಲಿ ಬೆಂಕಿ ಆರದ ಹಾಗೆ ಕಾದದ್ದು. ನಾಳೆ ಜನ ಕರೆದುಕೊಂಡು ಬರುತ್ತಾನೆ, ನಾಡಿದ್ದು ಬರುತ್ತಾನೆ ಎಂದು ಕಾದು ಕಾದು, ಬರುವುದಿಲ್ಲ ಎಂದು ಖಾತ್ರಿಯಾದ ದಿನ, ಬಿಡಾರದಲ್ಲಿ ಉಳಿದಿದ್ದ ಗರಗಸಗಳನ್ನು ಒಂದೊಂದಾಗಿ ತೆಗೆದುಕೊಂಡು ಮಸೆಯತೊಡಗಿದ್ದು.

“ಒಂದೊಂದು ಹಲ್ಲು ಮಸೆಯೋವಾಗ್ಲೂ ಅವನ ಮುಖ ನೆನೆಸ್ಕೊಂಡೆ. ನನ್ನ ಸಾಯೋಕೆ ಬಿಟ್ಟು ಬಂದ ನನ್ಮಗ ಅವ್ನು. ಅದೇ ಶೆಡ್ಡಿಗೆ ಎಳ್ಕೊಂಡು ಹೋಗಿ, ಕಾಲು ಮುರಿದು, ಬಾಗಿಲು ಹಾಕ್ಕೊಂಡು ಬರ್ತೀನಿ. ನೋಡ್ತಿರಿ!”

ಪೇಟೆ ಬಾಯಿ ಬಿಟ್ಟುಕೊಂಡು ಕೇಳಿತು. ಸುದ್ದಿ ಮುಟ್ಟಿದ್ದೇ, ಮಿಲ್ಲಿನೊಳಗೆ ದೊಡ್ಡ ಅಲಗು ಮಸೆಯುತ್ತಿದ್ದ ಹಲ್ಲಕ್ಕ ಕೈಯಲ್ಲಿದ್ದ ಅರ ಎಸೆದು ಬರಿಗಾಲಲ್ಲಿ ಓಡಿಬಂದಳು. ಗಂಡನ ಮುಖವನ್ನು ಎರಡೂ ಕಪ್ಪು ಕೈಗಳಲ್ಲಿ ಹಿಡಿದು, ಗಡ್ಡ ಎಳೆದು, ಅವನೇ ಎಂದು ಖಾತ್ರಿ ಮಾಡಿಕೊಂಡು, ನಡುಬೀದಿಯಲ್ಲಿ ಬೋರೆಂದು ಅತ್ತಳು. ಅವಳ ಹಿಂದೆಯೇ ತಮ್ಮ ಓಡಿಬಂದ, “ಭಾವಾ!” ಎಂದು ಎರಡೂ ಕೈ ಚಾಚಿ. ಮೇಸ್ತ್ರಿ ಊರುಗೋಲು ಬೀಸಿದ. ಏಟು ಭುಜಕ್ಕೆ ಬಿತ್ತು. ತಮ್ಮ ಮೆಲ್ಲಗೆ ಹಿಂದೆ ಸರಿದ, ಒಂದು ಮಾತೂ ಆಡಲಿಲ್ಲ. ಆ ಮೌನವೇ ಅವನಿಗೆ ಮುಳುವಾಯಿತು. ತಪ್ಪಿಲ್ಲದವನು ಯಾಕೆ ಸುಮ್ಮನಿರುತ್ತಾನೆ ಎಂದರು ಜನ.

ಅವತ್ತಿನಿಂದ ತಮ್ಮ ಮನೆ ಮೆಟ್ಟಿಲು ಹತ್ತಲಿಲ್ಲ. ಮಿಲ್ಲಿನ ಬಾಯ್ಲರ್ ಕೋಣೆಯ ಹಿಂದೆ ಒಂದು ಮೂಲೆಯಲ್ಲಿ ಚಾಪೆ ಹಾಸಿಕೊಂಡು ಅಲ್ಲೇ ಕೂಲಿಗೆ ಸೇರಿದ. ಟೀ ಅಂಗಡಿಯವನು ಅವನನ್ನು ಕಂಡರೆ ಪಾತ್ರೆ ಬೋರಲು ಹಾಕಿ “ಟೀ ಮುಗೀತು” ಎನ್ನುತ್ತಿದ್ದ, ಒಲೆಯ ಮೇಲೆ ಇನ್ನೊಂದು ಪಾತ್ರೆ ಕುದಿಯುತ್ತಿದ್ದರೂ. ಜೊತೆಗೆ ಕೆಲಸ ಮಾಡುವವರು ಮುಖ ತಿರುಗಿಸಿದರು. ಇತ್ತ ಸಂಜೆಯಾದರೆ ಹಲ್ಲಕ್ಕನ ಅಂಗಡಿಯಲ್ಲಿ ಜಾತ್ರೆ. ಮೇಸ್ತ್ರಿ ಕಥೆ ಹೇಳುತ್ತಾನೆ, ಜನ ಬೆಂಚು, ಸ್ಟೂಲು, ಹೊಸ್ತಿಲು ಎಲ್ಲ ತುಂಬಿ ಕೂರುತ್ತಾರೆ. ದಿನಕ್ಕೊಂದಿಷ್ಟು ಉಪ್ಪು ಖಾರ ಹೆಚ್ಚುತ್ತಾ ಹೋಯಿತು. ಹೊಳೆ ಅಗಲವಾಯಿತು, ಕಾಡು ಕಪ್ಪಾಯಿತು, ಭಾವಮೈದುನ ಮೊದಲು ಹೇಡಿಯಾಗಿದ್ದವನು ಆಮೇಲೆ ಬೇಕೆಂದೇ ತಳ್ಳಿದವನಾದ. ಕಥೆ ಮುಗಿದ ಮೇಲೆ ಯಾರಾದರೊಬ್ಬರು ಚಪ್ಪರಿಸಿಕೊಂಡು ಕೇಳುತ್ತಿದ್ದರು, “ಸೇಡು ಯಾವಾಗ ಮೇಸ್ತ್ರಿ?”

ಹಲ್ಲಕ್ಕ ಬೆಂಚಿನಲ್ಲಿ ಕೂತು ಅರ ಆಡಿಸುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಗಂಡ ಬಂದದ್ದಕ್ಕೆ ಅವಳ ಜೀವ ಹಿಗ್ಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಅಂಗಡಿ ನಿನ್ನದೇ, ನನ್ನ ಕಾಲು ಮೊದಲಿನಂತಿಲ್ಲ ಎಂದು ಅವನೇ ಹೇಳಿದಾಗ ಒಳಗೊಳಗೇ ಹೆಮ್ಮೆಯೂ ಆಗಿತ್ತು. ಆದರೆ ಊಟಕ್ಕೆ ತಟ್ಟೆ ಇಡುವಾಗ ಮೂರು ತೆಗೆದು ಒಂದನ್ನು ವಾಪಸಿಡುವ ಕೈಗೆ ಏನು ಹೇಳುವುದು? ತಮ್ಮನ ಮೇಲೆ ಅವಳಿಗೆ ಕೆಂಡದಂಥ ಸಿಟ್ಟಿತ್ತು. ಬದುಕಿದ್ದ ಗಂಡನನ್ನು ಸತ್ತ ಎಂದು ಫೋನಿನಲ್ಲಿ ಹೇಳಿದನಲ್ಲ! ಸಿಟ್ಟಿನ ಕೆಳಗೆ ಅದಕ್ಕಿಂತ ಹಳೆಯ ಪ್ರೀತಿಯಿತ್ತು. ಎರಡೂ ಸೇರಿ ಅವಳನ್ನು ಹಿಂಡಿ ಹಿಪ್ಪೆ ಮಾಡಿದವು.

ಹೀಗೇ ಬೇಸಿಗೆ ಕಳೆದು ಮತ್ತೆ ಮಳೆಗಾಲ ಹತ್ತಿರವಾದಾಗ ಲಾರಿ ಡ್ರೈವರ್ ಒಂದು ಸುದ್ದಿ ತಂದ. ಹೊಳೆಯಾಚೆಯ ಬಿಡಾರಕ್ಕೆ ಈ ಸಲದಿಂದ ವರ್ಷಪೂರ್ತಿ ಇರುವ ಕಾವಲುಗಾರ ಬೇಕಾಗಿದ್ದ. ತಮ್ಮ ತಾನೇ ಕೇಳಿಕೊಂಡು ಒಪ್ಪಿಕೊಂಡಿದ್ದಾನೆ. ನಾಳೆ ಬೆಳಿಗ್ಗೆ ಲಾರಿ ಹೊರಡುತ್ತದೆ. ಮೋಡ ಕಟ್ಟಿದೆ, ಇದೇ ಕೊನೆಯ ಲಾರಿ. ಹಲ್ಲಕ್ಕ ಅರ ಕೆಳಗಿಟ್ಟಳು. ಒಬ್ಬನೇ, ಆ ಮಳೆಯಲ್ಲಿ, ಆ ಮನಸ್ಸಿಟ್ಟುಕೊಂಡು! ಅವನು ತಿರುಗಿ ಬರುವ ಲೆಕ್ಕದಲ್ಲಿ ಹೋಗುತ್ತಿಲ್ಲ ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮಧ್ಯಾಹ್ನ ಗಂಡ ಮಲಗಿದ ಹೊತ್ತು ನೋಡಿ ತಮ್ಮನ ಬಟ್ಟೆ ಗಂಟು ಕಟ್ಟಿಕೊಂಡು ಬಾಯ್ಲರ್ ಕೋಣೆಗೆ ಹೋದಳು. ಅವನು ಸೌದೆ ರಾಶಿಯ ಪಕ್ಕ ಕೂತಿದ್ದ. ಗಂಟನ್ನು ಅವನ ಮುಂದೆ ಧೊಪ್ಪನೆ ಹಾಕಿ, ಸಮಾಧಾನವಾಗಿ ಮಾತಾಡಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದವಳು, ಬಾಯಿ ತೆಗೆದದ್ದೇ ಜಗಳಕ್ಕೆ.

“ಯಾಕೋ, ಬದುಕಿರೋರನ್ನ ಸತ್ತರು ಅಂತ ಯಾಕೋ ಹೇಳ್ದೆ?”

“ನಾನಾ? ನಾನೆಲ್ಲಿ ಹೇಳ್ದೆ? ಹೇಳಿದ್ದು ನೀವು! ನಾನು ಬಂದಾಗ ಅಂಗಳ ತುಂಬ ಜನ. ಗೇಟಲ್ಲೇ ಹಿಡ್ಕೊಂಡು ಭಾವ ಹೋದ್ರು ಅಂದ್ರು. ಹೊಳೆ ದಾಟೋವಾಗ ಏನೋ ಆಗಿ, ನಂಗಿಂತ ಮುಂಚೆ ಸುದ್ದಿ ಬಂದಿದೆ ಅಂದ್ಕೊಂಡೆ.”

“ನಾಟಕ ಆಡಬೇಡ. ಫೋನ್ ಮಾಡಿ ಭಾವ ಹೋದ್ರು ಅಕ್ಕಾ ಅಂತ ಅತ್ತಿದ್ದು ಯಾರು? ನಮ್ಮ ತಾತನಾ?”

“ಹೂಂ, ಹೋದ್ರು ಅಂದೆ! ಹೋದ್ರಲ್ಲ! ಅಲಗು ಬೀಳಿಸ್ದೆ ಅಂತ ನನ್ನ ಬಾಯಿಗೆ ಬಂದ ಹಾಗೆ ಬೈದು, ನಿನ್ನ ಮುಖ ನೋಡ್ಕೊಂಡು ಲಾರೀಲಿ ಕೂರಲ್ಲ, ನೀನು ಇಳಿದುಹೋಗು, ನಾನು ನಾಳೆ ಬರ್ತೀನಿ ಅಂತ ಸಿಟ್ಟು ಮಾಡ್ಕೊಂಡು ಮೇಲಿನ ಶೆಡ್ಡಿಗೆ ಹೋದ್ರು! ಎದ್ದು ಹೋದ್ರು ಅಕ್ಕಾ, ಕಾಲಲ್ಲಿ ನಡ್ಕೊಂಡು ಹೋದ್ರು! ನಾನು ಅಳ್ಲೂ ಇಲ್ಲ, ನಂಗೆ ನೆಗಡಿಯಾಗಿತ್ತು!”

ಹಲ್ಲಕ್ಕ ಸೌದೆ ರಾಶಿಯ ಮೇಲೆ ಕೂತುಬಿಟ್ಟಳು. ಬಾಯ್ಲರು ಬುಸುಗುಟ್ಟುತ್ತಿತ್ತು. ನಮ್ಮ ಭಾಷೆ ಎಂಥದ್ದು ನೋಡಿ: ಕರೆಂಟು ಹೋಗುತ್ತದೆ, ಬಸ್ಸು ಹೋಗುತ್ತದೆ, ಮಾನ ಹೋಗುತ್ತದೆ, ಮನುಷ್ಯ ಹೋಗುತ್ತಾನೆ. ಎಲ್ಲಕ್ಕೂ ಅದೊಂದೇ ಮಾತು. ‘ಎಲ್ಲಿಗೆ?’ ಎಂದು ಅವಳು ಅವತ್ತು ಕೇಳಬೇಕಿತ್ತು, ಕೇಳುವಷ್ಟರಲ್ಲಿ ಫೋನು ಸತ್ತಿತ್ತು.

“ಅಯ್ಯೋ ಮುಂಡೇದೇ! ಮೇಲಕ್ಕೆ ಹೋದ್ರು ಅಂತ ಒಂದು ಮಾತು ಸೇರಿಸೋಕೆ ನಿಂಗೇನಾಗಿತ್ತು ರೋಗ?”

“ಮೇಲಕ್ಕೆ ಹೋದ್ರು ಅಂದಿದ್ರೆ ಇನ್ನೂ ಕೆಡ್ತಿತ್ತಲ್ಲಕ್ಕ!”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕವಳು ಅವಳೇ. ನಗುನಗುತ್ತಲೇ ಅಳು ಬಂತು, ಅವನ ತಲೆಯನ್ನು ಎದೆಗೊತ್ತಿಕೊಂಡಳು. ಎದ್ದು ಮನೆಗೆ ನಡಿ ಎಂದಳು. ಅವನು ಅಲ್ಲಾಡಲಿಲ್ಲ.

“ಬೇಡಕ್ಕ. ಮಾತು ತಪ್ಪಾಗಿದ್ದು ಬೇರೆ. ಹೋಗು ಅಂದ್ರೆ ಹೋಗಿಬಿಡೋದಾ? ನಾನು ಕಾಯಬೇಕಿತ್ತು. ಭಾವ ಅಲ್ಲಿ ಪಟ್ಟಿದ್ದು ಸುಳ್ಳಲ್ಲವಲ್ಲ. ನನ್ನ ಕಂಡ್ರೆ ಅವ್ರಿಗೆ ಅದೇ ನೆನಪು. ನಾಳೆ ನಾನು ಹೊರಡ್ತೀನಿ, ನೀವಿಬ್ಬರೂ ನೆಮ್ಮದಿಯಾಗಿರಿ.”

ಹಲ್ಲಕ್ಕ ಮತ್ತೆ ಒತ್ತಾಯಿಸಲಿಲ್ಲ. ಯಾರ ಹತ್ತಿರ ಆಗಬೇಕಾದ ಕೆಲಸ ಇದು ಎಂದು ಅವಳಿಗೆ ಗೊತ್ತಾಗಿತ್ತು.

ಸಂಜೆ ಅಂಗಡಿ ಕಿಕ್ಕಿರಿದಿತ್ತು. ಮೇಸ್ತ್ರಿ ಒಳ್ಳೆಯ ಲಹರಿಯಲ್ಲಿದ್ದ. “ಅಲ್ಲಿ ನಾನು ಹಸಿದು ಸಾಯ್ತಿದ್ರೆ, ಇಲ್ಲಿ ಈ ಮನೆಗೆ ಫೋನ್ ಮಾಡಿ ಆ ದ್ರೋಹಿ ಏನಂದ ಗೊತ್ತಾ? ಭಾವ ಸತ್ತ ಅಂದ!” ಎನ್ನುವ ಜಾಗಕ್ಕೆ ಬಂದಾಗ ಬೆಂಚಿನಲ್ಲಿ ಅರದ ಸದ್ದು ನಿಂತಿತು.

“ಹಾಗನ್ನಲಿಲ್ಲ ಅವನು” ಎಂದಳು ಹಲ್ಲಕ್ಕ. “ಭಾವ ಹೋದ್ರು ಅಂದ. ನೀವು ಸಿಟ್ಟು ಮಾಡ್ಕೊಂಡು ಶೆಡ್ಡಿಗೆ ಹೋಗಿದ್ದನ್ನ ಹೇಳ್ದ. ಸತ್ತರು ಅಂತ ಕೇಳಿಸಿಕೊಂಡಿದ್ದು ನಾನು, ಈ ಕಿವಿ. ಊರಿಗೆಲ್ಲ ಹೇಳಿದ್ದು ಈ ಬಾಯಿ. ಅವನು ಬಂದಾಗ ಸತ್ತಿದ್ದಾರೆ ಅಂತ ಅವನಿಗೆ ಹೇಳಿದ್ದು ನಾವೆಲ್ಲ. ಅದಕ್ಕೇ ಯಾರೂ ನಿಮ್ಮನ್ನ ಹುಡುಕಿಕೊಂಡು ಬರಲಿಲ್ಲ.”

ಬಡಗಿ ಗೊಣಗಿದ, “ಏನಕ್ಕಾ, ಒಳ್ಳೇ ಕಥೆ ಕೆಡಿಸಿಬಿಟ್ಟೆ.” ಟೀ ಅಂಗಡಿಯವನು ಇನ್ನೂ ಮುಂದೆ ಹೋದ. “ತಮ್ಮನ್ನ ಉಳಿಸೋಕೆ ಹೇಳ್ತಿದಾಳೆ ಬಿಡಿ, ಹೆತ್ತ ಕರುಳಿಗಿಂತ ಹೆಚ್ಚು.”

“ಹೌದಪ್ಪ, ಉಳಿಸೋಕೇ ಹೇಳ್ತಿದೀನಿ. ಹೋದ್ರಂತೆ ಅಂತ ನಾನು ನಿಂಗೆ ಹೇಳ್ದಾಗ, ನೀನಾದ್ರೂ ಎಲ್ಲಿಗೆ ಅಂತ ಕೇಳ್ದೆಯಾ? ಇಲ್ಲ ತಾನೇ? ಹಾಗಿದ್ರೆ ಬಾಯಿ ಮುಚ್ಚಿಕೊಂಡು ನಿನ್ನ ಒಲೆ ನೋಡ್ಕೋ, ಹಾಲು ಉಕ್ಕುತ್ತಿದೆ.”

ಒಬ್ಬೊಬ್ಬರಾಗಿ ಎದ್ದು ಜಾಗ ಖಾಲಿ ಮಾಡಿದರು. ಗಂಡನ ಎದುರು, ಅವನ ಕಥೆಯ ನಡುವೆ ನಿಂತು, ಇಡೀ ಬೀದಿಯ ಮುಂದೆ ತನ್ನನ್ನೇ ಪೆದ್ದಿ ಮಾಡಿಕೊಂಡ ಹೆಂಗಸನ್ನು ನಾನು ಬೇರೆ ಎಲ್ಲೂ ಕಂಡಿಲ್ಲ. ಭಲೇ ಎನ್ನುವುದಕ್ಕೆ ಅಲ್ಲಿ ಒಬ್ಬನಿಗೂ ಬಾಯಿ ಬರಲಿಲ್ಲ.

ಮೇಸ್ತ್ರಿ ಗೋಡೆ ನೋಡುತ್ತಾ ಕೂತಿದ್ದ. ಹಾಗೇ ಕೇಳಿದ, “ಹಾಗಾದ್ರೆ ಇಷ್ಟು ದಿನ ನಾನು ಯಾರ ಮೇಲೆ ಹಲ್ಲು ಮಸೆದೆ?”

“ನನ್ನ ಮೇಲೆ ಮಸೀರಿ. ನಾನು ಎಲ್ಲಿಗೂ ಓಡಿಹೋಗಲ್ಲ.”

“ನಿನ್ನ ಮೇಲೆ ಬರಲ್ಲ ಕಣೇ. ಅವನ ಮೇಲಿಂದಲೂ ಇಳೀತಾ ಇಲ್ಲ.” ಎದೆ ಮುಟ್ಟಿಕೊಂಡ. “ಅವನ ತಪ್ಪಿಲ್ಲ ಅಂತ ಈಗ ಗೊತ್ತಾಯ್ತು. ಆದ್ರೂ ಇಲ್ಲಿ ಉರೀತಾನೇ ಇದೆ, ಏನು ಮಾಡ್ಲಿ? ಅಲ್ಲಿ ಬೆಳಗಾದ್ರೆ ಏಳೋಕೆ ಬೇರೆ ಯಾವ ಕಾರಣವೂ ಇರಲಿಲ್ಲ. ಬದುಕಬೇಕು, ಹೋಗಿ ಅವನಿಗೆ ಬುದ್ಧಿ ಕಲಿಸಬೇಕು ಅಂತಲೇ ಬೆಂಕಿ ಹಚ್ತಿದ್ದೆ. ಒಂದೊಂದು ಗರಗಸಕ್ಕೆ ಒಂದೊಂದು ಬೈಗುಳ ಇಟ್ಕೊಂಡಿದ್ದೆ, ಬಾಯಿಪಾಠ.”

ಬೇರೆ ಯಾರಾಗಿದ್ದರೂ ಇಲ್ಲಿ ನಾಲ್ಕು ಬುದ್ಧಿಮಾತು ಹೇಳುತ್ತಿದ್ದರು, ಕ್ಷಮಿಸಿಬಿಡಿ, ದೊಡ್ಡ ಮನಸ್ಸು ಮಾಡಿ ಎಂದು. ಹಲ್ಲಕ್ಕ ಒಂದನ್ನೂ ಹೇಳಲಿಲ್ಲ. ತಟ್ಟೆಗೆ ಊಟ ಬಡಿಸಿ ಅವನ ಮುಂದಿಟ್ಟಳು.

“ಹಾಗಾದ್ರೆ ಬೈದುಬಿಡಿ. ಒಂದನ್ನೂ ಉಳಿಸ್ಕೊಬೇಡಿ. ಆದ್ರೆ ಟೀ ಅಂಗಡಿಯವನ ಮುಂದೆ ಬೈದು ಏನು ಪ್ರಯೋಜನ? ಅವನೆದುರಿಗೇ ಬೈಯಿರಿ.”

ಬೆಳಿಗ್ಗೆ ಮಿಲ್ಲಿನ ಗೇಟಿನಲ್ಲಿ ಲಾರಿ ಹೊಗೆಯುಗುಳುತ್ತಾ ನಿಂತಿತ್ತು. ತಮ್ಮ ಗಂಟು ತೊಡೆಯ ಮೇಲಿಟ್ಟುಕೊಂಡು ಡ್ರೈವರ್ ಪಕ್ಕ ಕೂತಿದ್ದ. ಹಲ್ಲಕ್ಕ ಬಾಗಿಲು ತೆಗೆದು ಅವನ ಶರ್ಟಿನ ಕಾಲರಿಗೇ ಕೈ ಹಾಕಿದಳು.

“ಇಳಿ ಕೆಳಗೆ. ನಿಮ್ಮ ಭಾವ ಬೈಯ್ಬೇಕಂತೆ.”

“ಅಕ್ಕಾ, ಲೇಟಾಗ್ತದೆ” ಎಂದ ಡ್ರೈವರ್.

“ನಿನ್ನ ಲಾರಿ ಯಾವತ್ತು ಟೈಮಿಗೆ ಹೋಗಿತ್ತಪ್ಪ? ಅಂಗಡಿ ಮುಂದೆ ತಂದು ನಿಲ್ಲಿಸು, ಕಾಯ್ತಿರು.”

ಕಾಲರು ಹಿಡಿದೇ ಬೀದಿಯುದ್ದಕ್ಕೂ ನಡೆಸಿಕೊಂಡು ಬಂದಳು. ಇಂದು ಸೇಡು ಎಂದು ಪೇಟೆಗೆ ಅದು ಹೇಗೆ ಗೊತ್ತಾಯಿತೋ, ಬಾಗಿಲ ತುಂಬ ಜನ ಸೇರಿದರು. ತಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ, ಎದುರಿಗೆ ಗಂಡನನ್ನು ಕೂರಿಸಿ, ಊರುಗೋಲನ್ನು ಮಾತ್ರ ಒಳಗೆ ಎತ್ತಿಟ್ಟು ಬಂದಳು. “ಶುರು ಮಾಡಿ” ಎಂದು ತಾನು ಬೆಂಚಿಗೆ ಹೋಗಿ ಕೂತಳು.

ಮೇಸ್ತ್ರಿ ಮೊದಲು ಕೆಮ್ಮಿದ. ನೆಲ ನೋಡಿಕೊಂಡೇ ಶುರು ಮಾಡಿದ.

“ಮೊದಲನೇ ಗರಗಸ ಮಸೆಯೋವಾಗ... ನಿನ್ನ ಕಾಲು ಮುರಿದು ನನ್ನ ಜಾಗದಲ್ಲಿ ಮಲಗಿಸಿ, ಬಾಗಿಲ ಹೊರಗೆ ಕೂತು ನಿಂಗೆ ಕೇಳೋ ಹಾಗೆ ಚಪ್ಪರಿಸ್ಕೊಂಡು ಊಟ ಮಾಡ್ತೀನಿ ಅಂದ್ಕೊಂಡಿದ್ದೆ.”

“ಸರಿ ಭಾವ.”

“ಏನು ಸರಿ! ಎರಡನೇದು, ನಿನ್ನ ಮೀಸೆ ಒಂದು ಕಡೆ ಮಾತ್ರ ಬೋಳಿಸಿ ಪೇಟೆಯಲ್ಲಿ ಮೆರವಣಿಗೆ ಮಾಡಿಸ್ತೀನಿ ಅಂದ್ಕೊಂಡಿದ್ದೆ. ಆ ಮೀಸೆಯೋ, ಅದೊಂದು ಮೀಸೆ! ಹೇನೂ ಹತ್ತಿ ಕೂರಲ್ಲ.”

ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಮೇಸ್ತ್ರಿ ಅವರತ್ತ ತಿರುಗಿಯೂ ನೋಡಲಿಲ್ಲ. ದನಿ ಏರಿತು. ನಿನ್ನನ್ನು ಕತ್ತೆ ಎನ್ನುವುದಿಲ್ಲ, ಕತ್ತೆ ಬಂದು ನನ್ನ ಜೊತೆ ಜಗಳಕ್ಕೆ ನಿಲ್ಲುತ್ತದೆ ಎಂದ. ನಿನಗೆ ಈಜು ಕಲಿಸಿದ ನನ್ನ ಕೈಗೆ ಬೆಂಕಿ ಬೀಳಲಿ ಎಂದ. ನಿನ್ನ ಮದುವೆಗೆ ಬಂದು ಹೆಣ್ಣಿನವರ ಮುಂದೆ ನಿನ್ನ ಗೊರಕೆಯ ವಿಷಯ ಹೇಳಿ ಮದುವೆ ಮುರಿಯುತ್ತೇನೆ ಎಂದ. ಒಂದಾದ ಮೇಲೊಂದು, ಮಳೆಗಾಲವಿಡೀ ಕೂಡಿಟ್ಟಿದ್ದು, ಒಂದಕ್ಕೊಂದು ತಾಗದಂತೆ ಜೋಡಿಸಿಟ್ಟಿದ್ದು. ತಮ್ಮ ಪ್ರತಿಯೊಂದಕ್ಕೂ ತಲೆಯಾಡಿಸುತ್ತಾ “ಸರಿ ಭಾವ” ಎನ್ನುತ್ತಿದ್ದ. ಜನ ಮೊದಲು ನಕ್ಕರು, ಆಮೇಲೆ ನಗು ಕಡಿಮೆಯಾಯಿತು, ಆಮೇಲೆ ಯಾರೂ ನಗಲಿಲ್ಲ. ಗಂಟಲು ಕಟ್ಟಿದಾಗ ಹಲ್ಲಕ್ಕ ನೀರು ತಂದುಕೊಟ್ಟಳು. ಕುಡಿದು ಮತ್ತೆ ಬೈದ. ಬೈಗುಳಗಳು ಚಿಕ್ಕದಾಗುತ್ತಾ ಬಂದವು.

“ಕೊನೇ ಗರಗಸ” ಎಂದ ಮೇಸ್ತ್ರಿ, ನಿಂತುಹೋದ.

“ಹೇಳಿ ಭಾವ.”

“ಅದಕ್ಕೆ ಏನೂ ಇರಲಿಲ್ಲ ಕಣೋ. ಎಲ್ಲ ಬೈದು ಮುಗಿದಿತ್ತು. ಮಾತಾಡೋಕೆ ಯಾರೂ ಇರಲಿಲ್ಲ. ಜಗಳ ಆಡೋಕಾದ್ರೂ ಒಂದು ಜೀವ ಬೇಡವೇನೋ? ಗೋಡೆ ಕಡೆ ತಿರುಗಿ ನಿನ್ನ ಹಾಗೆ ನಾನೇ ಉತ್ತರ ಕೊಡ್ತಿದ್ದೆ, ಸರಿ ಭಾವ, ಸರಿ ಭಾವ ಅಂತ. ಒಬ್ಬನೇ ಇದ್ದೆ ಕಣೋ. ಯಾಕೋ ಬಿಟ್ಟು ಬಂದೆ? ಹೋಗು ಅಂದ್ರೆ ಹೋಗಿಬಿಡ್ತೀಯೇನೋ?”

ಅಷ್ಟು ದೊಡ್ಡ ಗಂಡಸು ಮುಖ ಮುಚ್ಚಿಕೊಂಡು ಮಗುವಿನಂತೆ ಅತ್ತ. ತಮ್ಮ ಸ್ಟೂಲಿನಿಂದ ಜಾರಿ ಕಬ್ಬಿಣದ ಪುಡಿಯಲ್ಲೇ ಕೂತು, ಭಾವನ ಆ ಸೊಟ್ಟ ಕಾಲನ್ನು ಎರಡೂ ಕೈಗಳಿಂದ ತಬ್ಬಿಕೊಂಡ.

ಹೊರಗೆ ಲಾರಿಯವನು ತಾಳ್ಮೆಗೆಟ್ಟು ಹಾರ್ನ್ ಹೊಡೆದ. ಇಬ್ಬರಲ್ಲಿ ಒಬ್ಬನೂ ತಲೆಯೆತ್ತಲಿಲ್ಲ. ಹಲ್ಲಕ್ಕ ಕೈ ಒರೆಸಿಕೊಂಡು ಎದ್ದು, ಬಾಗಿಲಲ್ಲಿ ಗುಂಪುಗೂಡಿದ್ದ ಜನರನ್ನು ತಳ್ಳಿಕೊಂಡು ಬೀದಿಗಿಳಿದಳು. ಲಾರಿಯ ಸೀಟಿನ ಮೇಲಿದ್ದ ಬಟ್ಟೆಗಂಟನ್ನು ಎಳೆದು ಕಂಕುಳಲ್ಲಿ ಇರುಕಿಕೊಂಡು ಡ್ರೈವರಿಗೆ ಹೇಳಿದಳು:

“ಅವನು ಬರಲ್ಲ. ನೀನು ಹೊರಡು.”